ಅಮ್ಮ ಬಂದಾಳೆಂದು ಕಾದ ಹನ್ನೆರಡು ದಿನ

ಮುಂಡಗೋಡ ಹತ್ತಿರದ ನಮ್ಮ ಹಳ್ಳಿ ಇಂದೂರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಲಸಿಕೆ ಎಂದರೆ ಬಾಗಿಲು ಹಾಕಿಕೊಳ್ಳುವವರ ಮನೆ ಮುಂದೆ ನಿಂತು, ಜಗಳ ಮಾಡಿ ಮಕ್ಕಳನ್ನು ಕರೆದೊಯ್ದವಳು. ಊರಿಗೆಲ್ಲ ಬುದ್ಧಿ ಹೇಳಿದವಳಿಗೆ ತನ್ನ ಮನೆಯಲ್ಲೇ ಬುದ್ಧಿ ಕೈಕೊಟ್ಟಿತು.

ಮಗಳಿಗೆ ಆಗ ನಾಲ್ಕು ವರ್ಷ. ಜ್ವರ ಬಂತು, ಮೈತುಂಬ ಗಂಧೆ ಎದ್ದವು, ಕಣ್ಣು, ತುಟಿ, ನಾಲಿಗೆ ಎಲ್ಲ ಕೆಂಪಾದವು. ಅತ್ತೆ ನೋಡಿದವರೇ, "ದೇವಿ ಅಮ್ಮ ಬಂದಾಳ. ಸೂಜಿ ಚುಚ್ಚಿಸಬ್ಯಾಡ, ಸಿಟ್ಟಾಗ್ತಾಳ," ಎಂದರು. ದಡಾರದ ಎರಡೂ ಲಸಿಕೆ ಹಾಕಿಸಿ ಕಾರ್ಡಿನಲ್ಲಿ ಬರೆಸಿದವಳು ನಾನೇ. ಆದರೂ ಹೂಂ ಎಂದು ತಲೆಯಾಡಿಸಿದೆ. ಆ ಭಯ ನನ್ನೊಳಗೂ ಇತ್ತು, ತಪ್ಪನ್ನು ಅತ್ತೆಯ ತಲೆಗೆ ಕಟ್ಟಲಾರೆ.

ಬೇವಿನ ಸೊಪ್ಪು ಹಾಸಿ ಮಲಗಿಸಿದೆವು. ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ, ಹೊರಗಿನವರನ್ನು ಒಳಗೆ ಬಿಡಲಿಲ್ಲ. ಗಂಡ ಎರಡು ಸಲ, "ಮುಂಡಗೋಡಿಗೆ ಹೋಗೂಣು, ಜ್ವರಾ ಇಳೀವಲ್ದು," ಎಂದರು. "ಅಮ್ಮ ಇಳಿಯೂತನಕ ತಡೀರಿ," ಎಂದವಳು ನಾನು. ಹನ್ನೊಂದನೆಯ ದಿನ ಬೆರಳ ತುದಿಯ ಚರ್ಮ ಸುಲಿಯತೊಡಗಿದಾಗ ಅಮ್ಮ ಹೊರಟಳೆಂದು ಖುಷಿಪಟ್ಟು, ಮೊಸರನ್ನದ ಎಡೆಗೆ ಅಕ್ಕಿ ಆರಿಸಿಟ್ಟೆ. ಜ್ವರ ಮಾತ್ರ ಹೊರಡಲಿಲ್ಲ.

ಹದಿಮೂರನೆಯ ದಿನ ಮುಂಡಗೋಡಿನ ಆಸ್ಪತ್ರೆಯವರು ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿನ ಮಕ್ಕಳ ಡಾಕ್ಟರು, "ಜ್ವರಾ ಬಂದು ಎಷ್ಟು ದಿನಾ ಆತ್ರಿ?" ಎಂದು ಕೇಳಿದರು. ನನ್ನ ಬಾಯಿಂದ "ಎಂಟು" ಎಂದು ಬಂತು. ಗಂಡ ನೆಲ ನೋಡುತ್ತ, "ಹನ್ನೆರಡು ಮುಗದಾವ್ರಿ," ಎಂದರು.

ಇದು ದಡಾರವಲ್ಲ, ಕವಾಸಾಕಿ ಎಂಬ ಕಾಯಿಲೆ, ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ರಕ್ತನಾಳಗಳ ಮೇಲೆ ಬೀಳುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅದಕ್ಕೆ ಔಷಧ ಇಮ್ಯುನೊಗ್ಲೋಬ್ಯುಲಿನ್, ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದದ್ದು. "ಹತ್ತು ದಿನದೊಳಗ ಕೊಟ್ಟಿದ್ರ ಹೃದಯಾ ಉಳಸೂದು ಸರಳ ಇತ್ರಿ. ಈಗೂ ಕೊಡ್ತೇವಿ," ಎಂದರು. ಬೆಳಿಗ್ಗೆ ಹಚ್ಚಿದ ಬಾಟಲಿ ಸಂಜೆಯವರೆಗೆ ಹನಿ ಹನಿಯಾಗಿ ಇಳಿಯಿತು. ಗುರುತಿಲ್ಲದ ಅಷ್ಟು ಮಂದಿ ನನ್ನ ಕೂಸಿಗೆ ರಕ್ತ ಕೊಟ್ಟಿದ್ದರು, ಹೆತ್ತವಳು ನಾನು ಸುಮ್ಮನೆ ಕೂತಿದ್ದೆ. ಮರುದಿನ ಜ್ವರ ಬಿಟ್ಟಿತು. ಹೃದಯದ ರಕ್ತನಾಳ ಆಗಲೇ ಉಬ್ಬಿತ್ತು, ಅದು ಮತ್ತೆ ಮೊದಲಿನಂತಾಗಲಿಲ್ಲ.

ಈಗ ಅವಳು ಎರಡನೆಯ ತರಗತಿ. ದಿನಾ ಗುಳಿಗೆ ನುಂಗಬೇಕು, ಓಡುವಂತಿಲ್ಲ. ಹೋದ ವಾರ ಶಾಲೆಯಿಂದ ಕರೆತರಲು ಹೋದಾಗ ಉಳಿದ ಮಕ್ಕಳು ಮೈದಾನದಲ್ಲಿ ಆಡುತ್ತಿದ್ದರು. ಇವಳು ನನಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತು ಗೆಳತಿಗೆ ಹೇಳುತ್ತಿದ್ದಳು: "ನಂಗ ಆರಾಮ ಇಲ್ಲದಾಗ ನಮ್ಮವ್ವ ಒಂದ ದಿನಾನೂ ನನ್ನ ಬಿಟ್ಟು ಹೋಗಿಲ್ಲ. ಬಾಜೂಕ ಕೂತಿದ್ಲು. ಅದಕ್ಕ ನಾ ಉಳದೇನಿ."

ನಾನು ಗೇಟಿನ ಹೊರಗೇ ನಿಂತೆ. ಅವಳನ್ನು ಕರೆಯುವ ಧೈರ್ಯ ಬರಲಿಲ್ಲ.