ಹೊಗೆಯ ಕೆಳಗಿನ ನಾತ

ಇವತ್ತು ಮುಂಜಾನೆ ಪಕ್ಕದ ಮನೆಯ ಬಾಣಂತಿ ಕೋಣೆಯಿಂದ ಲೋಬಾನದ ಹೊಗೆ ಬಂತು. ಎಲ್ಲರಿಗೂ ಹಿತವಾದ ವಾಸನೆ ಅದು. ನನಗೆ ಮಾತ್ರ ಸಿಟ್ಟು ಬರುತ್ತದೆ. ಮೊದಲು ನಾವಿದ್ದ ವಾಡಿ ಊರಿನ ಎದುರುಮನೆ ಮುದುಕಿ ನೆನಪಾಗುತ್ತಾಳೆ. ಸತ್ತವರನ್ನು ಬೈಯಬಾರದಂತೆ... ನಾನು ಬೈಯುತ್ತೇನೆ.

ಓಣಿಗೆಲ್ಲ ಬಾಣಂತನ ಮಾಡಿದವಳು ಎಂಬುದೇ ಅವಳ ಜಂಭ. ಅವಳ ಸೊಸೆ ನನ್ನ ಗೆಳತಿ. ಚಿತ್ತಾಪುರದ ದವಾಖಾನೆಯಲ್ಲಿ ಹೆತ್ತು, ಹೆಣ್ಣುಕೂಸಿನೊಂದಿಗೆ ನಗುತ್ತಲೇ ಮನೆಗೆ ಬಂದಳು. ಕೆಲವೇ ದಿನಗಳಲ್ಲಿ ಜ್ವರ, ನಡುಕ, ಕಿಬ್ಬೊಟ್ಟೆಯಲ್ಲಿ ನೋವು. ಉಟ್ಟ ಬಟ್ಟೆಯಿಂದ ಕೊಳೆತ ನಾತ ಬರತೊಡಗಿತು. ಮುದುಕಿ ಮಾಡಿದ್ದೇನು? ಕಿಟಕಿ ಮುಚ್ಚಿ, ಕೆಂಡಕ್ಕೆ ಇನ್ನೊಂದು ಹಿಡಿ ಲೋಬಾನ ಸುರಿದಳು. ನೋಡಲು ಬಂದವರಿಗೆ ಘಮಘಮ. ಬಾಣಂತನ ಅಂದರೆ ಹೀಗಿರಬೇಕು ಎಂದು ಹೊಗಳಿ ಹೋದರು.

ನಾನು ಮಂಚದ ಹತ್ತಿರ ಕೂತಾಗ ಹೊಗೆಯ ಕೆಳಗಿನ ನಾತ ಮೂಗಿಗೆ ಬಡಿಯಿತು. ದವಾಖಾನೆಗೆ ಒಯ್ಯೋಣ ಎಂದೆ.

"ಹಾಲಿನ ಜ್ವರ ಅದು. ತೊಟ್ಟಿಲ ಆಗೋತನಕ ಬಾಣಂತಿ ಹೊಸ್ತಿಲ ದಾಟಂಗಿಲ್ಲ. ನೀ ಎಷ್ಟ ಹಡದಿ ಅಂತ ನನಗ ಹೇಳ್ಲಿಕತ್ತಿ?"

ನನಗಿನ್ನೂ ಮಕ್ಕಳಿರಲಿಲ್ಲ. ಅಲ್ಲೇ ಚುಚ್ಚಿದಳು. ಗೆಳತಿ ನನ್ನ ಸೆರಗು ಹಿಡಿದು, "ಭಾಳ ಥಂಡಿ ಆಗ್ಲಿಕತ್ತದ... ಕರಕೊಂಡು ಹೋಗ" ಎಂದಳು. ನಾನು ಜಗಳ ತೆಗೆದೆ, ಓಣಿ ಕೂಡಿಸಿದೆ, ಸಿಮೆಂಟ್ ಕಾರ್ಖಾನೆಯ ಪಾಳಿಯಲ್ಲಿದ್ದ ಅವಳ ಗಂಡನನ್ನು ಕರೆಸಿದೆ. ಆ ಪುಣ್ಯಾತ್ಮ ತಾಯಿಯ ಮುಖ ನೋಡಿದ, ನೆಲ ನೋಡಿದ, ಮರುದಿನದವರೆಗೂ ನೋಡುತ್ತಲೇ ಇದ್ದ. ಕೊನೆಗೆ ಗಾಡಿ ಬಂದಾಗ ಅವಳಿಗೆ ನನ್ನ ಗುರುತೂ ಸಿಗಲಿಲ್ಲ.

ಗರ್ಭಕೋಶದ ನಂಜು ರಕ್ತಕ್ಕೇರಿತ್ತು. "ಜ್ವರ ಬಂದ ದಿನಾನೇ ತಂದಿದ್ರ ಸೂಜಿ-ಔಷಧಕ್ಕ ಹೋಗ್ತಿತ್ತಲ್ರಿ" ಎಂದರು ಡಾಕ್ಟರು. ಅವಳು ಮನೆಗೆ ಮರಳಲಿಲ್ಲ.

ಮುದುಕಿ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಪ್ಪನ್ನು ಕೂಸಿನ ತಲೆಗೆ ಕಟ್ಟಿದಳು: "ತಾಯೀನ ನುಂಗಿ ಹುಟ್ಟ್ಯದ." ಸಾಯುವ ತನಕ ಅದೇ ಮಾತು, ಅದೂ ಕೂಸಿನ ತಲೆ ಸವರುತ್ತ.

ಆ ಕೂಸಿಗೆ ಈಗ ಮದುವೆಯ ವಯಸ್ಸು. ಹೋದ ವಾರ ಶಹಾಬಾದಿನ ನನ್ನ ಮನೆಗೆ ಬಂದಿದ್ದಳು. ತಾಯಿಯದೇ ಗಲ್ಲ, ತಾಯಿಯದೇ ನಗು. ಲಗ್ನ ಬೇಡ ಅನ್ನುತ್ತಾಳಂತೆ. ಯಾಕೆಂದು ಕೇಳಿದೆ.

"ಮತ್ತೊಂದ ಮನೀಗೆ ಹೋಗಿ ಯಾರನ್ನ ನುಂಗ್ಲಿ, ಮೌಶಿ?"

ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ನನ್ನ ಸಮಾಧಾನಕ್ಕ ಹೇಳ್ತೀರಿ. ಅಜ್ಜಿ ಸುಳ್ಳು ಹೇಳಾಕಿ ಅಲ್ಲ" ಎಂದು ಎದ್ದು, ಚಹಾದ ಕಪ್ಪು ತೊಳೆದಿಟ್ಟು ಹೋದಳು.

ಗೆಳತಿಯೊಬ್ಬಳನ್ನೇ ಕಳಕೊಂಡೆ ಅಂದುಕೊಂಡಿದ್ದೆ ಇಷ್ಟು ವರ್ಷ... ಅವಳ ಮಗಳನ್ನೂ ಮುದುಕಿ ಉಳಿಸಿಲ್ಲ.