ಚಿನ್ನಿ ಹೊರಗೆ ಹೋಗಲು ಕಲಿತದ್ದು

ನಿನ್ನೆ ಯಲ್ಲಾಪುರದಲ್ಲಿ ಗೆಳತಿಯ ಮನೆಗೆ ಹೋಗಿದ್ದೆ. ಮೂಲೆಯಲ್ಲಿದ್ದ ಟಬ್ಬಿನ ಮರಳನ್ನು ಅವಳ ಬೆಕ್ಕು ಕೆರೆಯುತ್ತಿತ್ತು. ಅದರ ಉಚ್ಚೆಯ ಘಾಟು ಮೂಗಿಗೆ ಬಡಿದದ್ದೇ ಚಿಕ್ಕಂದಿನಲ್ಲಿ ನಾವಿದ್ದ ಶಿರಸಿಯ ಬಾಡಿಗೆ ಮನೆ ನೆನಪಾಯಿತು.

ನಮ್ಮ ಬೆಕ್ಕು ಚಿನ್ನಿ ಮಡಚಿಟ್ಟ ಬಟ್ಟೆಯ ಮೇಲೆಯೇ ಉಚ್ಚೆ ಹೊಯ್ಯುತ್ತಿತ್ತು. ಒಂದು ಬೆಳಿಗ್ಗೆ ಗಡಿಬಿಡಿಯಲ್ಲಿ ನಾನು ನೋಡದೆ ಸಮವಸ್ತ್ರದ ಲಂಗ ತೊಟ್ಟು ಶಾಲೆಗೆ ಹೋದೆ. ಬಿಸಿಲೇರಿದಂತೆ ಅಕ್ಕೋರು ಪಾಠ ನಿಲ್ಲಿಸಿ, "ಎಂತ ವಾಸನೆ ಇದು?" ಎಂದರು. ಪಕ್ಕದಲ್ಲಿ ಕೂತಿದ್ದ ಸುಮಾ ಮೂಗು ಮುಚ್ಚಿಕೊಂಡು, "ಇವಳ ಲಂಗದ್ದು ಅಕ್ಕೋರೆ" ಎಂದಳು. ಇಡೀ ತರಗತಿ ನಕ್ಕಿತು. ನಾನೇ ಒದ್ದೆ ಮಾಡಿಕೊಂಡಿದ್ದೇನೆಂದು ಎಲ್ಲರೂ ತಿಳಿದರು. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಲಂಗ ಮುಚ್ಚಿದೆ.

ಅಳುತ್ತ ಮನೆಗೆ ಬಂದು ಹೇಳಿದಾಗ ಅಪ್ಪ, "ನಾಳೆ ಅದನ್ನ ಚೀಲದಾಗ ಹಾಕಿ ದೂರ ಬಿಟ್ಟು ಬರ್ತೀನಿ" ಎಂದ. ಅವ್ವ ಒಪ್ಪಲಿಲ್ಲ. "ಅದಕ್ಕೇನ್ ಗೊತ್ತಾಗ್ತದ? ನಾವು ಕಲಿಸಬೇಕು" ಎಂದಳು. ಹಳೆಯ ಬೋಗುಣಿಗೆ ಒಲೆಯ ಬೂದಿ ತುಂಬಿ, ಚಿನ್ನಿ ಉಂಡ ಕೂಡಲೇ ಅದರಲ್ಲಿ ಕೂರಿಸತೊಡಗಿದಳು. ರೂಢಿಯಾದ ಮೇಲೆ ಬೋಗುಣಿಯನ್ನು ಬಾಗಿಲ ಬಳಿಗೆ, ಆಮೇಲೆ ಹಿತ್ತಲಿಗೆ ಸರಿಸಿದಳು. ಕೊನೆಗೊಂದು ದಿನ ಚಿನ್ನಿ ತಾನಾಗಿಯೇ ದಾಸವಾಳದ ಬುಡ ಕೆರೆದು, ಮಣ್ಣು ಮುಚ್ಚಿ ಬಂತು. ಅವ್ವ ಚಪ್ಪಾಳೆ ತಟ್ಟಿದಳು.

ಶಾಲೆಯಲ್ಲಿ ಮಾತ್ರ ಸುಮಾ ಮತ್ತೆ ನನ್ನ ಪಕ್ಕ ಕೂರಲಿಲ್ಲ.

ಈಗಲೂ ಮನೆಯಿಂದ ಹೊರಡುವ ಮುಂಚೆ ಸೆರಗನ್ನೊಮ್ಮೆ ಮೂಸಿ ನೋಡುತ್ತೇನೆ. ಮಗಳು ಕಂಡು, "ಎಂತ ಅಮ್ಮಾ ಅದು?" ಎಂದರೆ, ಸೆಂಟು ಜಾಸ್ತಿಯಾಯಿತೇನೋ ಎಂದು ಸುಳ್ಳು ಹೇಳುತ್ತೇನೆ.