ಸೋಪು ಹಾಕಿ ತೊಳೆದ ಬೀಕರುಗಳು

ಮೈಸೂರಿನಿಂದ ಹೊರಟಾಗ ನನ್ನ ಸಾಮಾನು ಒಂದು ಸೂಟ್‌ಕೇಸು, ಒಂದು ಕೈಚೀಲ, ಮೂರು ಡಬ್ಬ. ಡಬ್ಬಗಳಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಕೋಡುಬಳೆ. ಮೂರೂ ನನ್ನ ತಮ್ಮನ ಮಗಳು ನಂದಿನಿಗೆ. ಅವಳು ತಿರುವನಂತಪುರದ ಒಂದು ಸಂಶೋಧನಾಲಯದಲ್ಲಿ ಮೆದುಳಿನ ಜೀವಕೋಶಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. "ಅತ್ತೆ, ಅಮ್ಮನಿಗೆ ಮಂಡಿ ನೋವು, ಬರೋಕಾಗಲ್ಲ. ನೀವು ಬಂದು ಒಂದು ವಾರ ಇದ್ದರೆ ಹೊತ್ತಿಗೆ ಸರಿಯಾಗಿ ಊಟನಾದ್ರೂ ಮಾಡ್ತೀನಿ" ಎಂದು ಫೋನು ಮಾಡಿದ್ದಳು. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದುಡಿದು, ನರ್ಸಿಂಗ್ ಸೂಪರಿಂಟೆಂಡೆಂಟಾಗಿ ನಿವೃತ್ತಳಾದವಳು ನಾನು. ಹೊತ್ತಿಗೆ ಸರಿಯಾಗಿ ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ನಿಲ್ಲುತ್ತೇನೆ. ಅದು ಎರಡು ಸಾವಿರದ ಆರನೇ ಇಸವಿಯ ನವೆಂಬರ್.

ಬೆಂಗಳೂರಿನಿಂದ ಸಂಜೆ ಹೊರಟ ರೈಲು ಬೆಳಿಗ್ಗೆ ಎರ್ನಾಕುಲಂ ಮುಟ್ಟಿಸಿತು. ಅಲ್ಲಿ ಎರಡು ದಿನದ ತಂಗು. ನನ್ನ ಜೊತೆ ಮೈಸೂರಿನಲ್ಲಿ ನರ್ಸಿಂಗ್ ಕಲಿತ ಮೇರಿ ಫೋರ್ಟ್ ಕೊಚ್ಚಿಯಲ್ಲಿದ್ದಳು. ಜೆಟ್ಟಿಯಿಂದ ದೋಣಿಗೆ ಎರಡೂವರೆ ರೂಪಾಯಿ, ಇಪ್ಪತ್ತು ನಿಮಿಷ. ಗಾಳಿ ಉಪ್ಪುಪ್ಪಾಗಿತ್ತು. ಮೇರಿ ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು, ಅದಕ್ಕೆ ಕಡಲೆಕಾಳಿನ ಗೊಜ್ಜು ಮಾಡಿಟ್ಟಿದ್ದಳು. ತಿಂದ ಕೂಡಲೇ ನಾನು ಅವಳ ಅಡುಗೆಮನೆಯ ಪಾತ್ರೆಯನ್ನೆಲ್ಲ ತಿಕ್ಕಿ ಬೋರಲು ಹಾಕಿದೆ.

"ಲೇ, ಬಿಡೇ! ಸವೆದು ತೂತು ಬಿದ್ದರೆ ಹೊಸದು ನೀನು ಕೊಡಿಸ್ತೀಯಾ? ಅರವತ್ತೆಂಟಾದ್ರೂ ನಿನ್ನ ಕೈಗೆ ರಜಾ ಇಲ್ಲ" ಎಂದು ಮೇರಿ ಗದರಿದಳು. ಅವಳ ಮೈಸೂರು ಕನ್ನಡ ಇನ್ನೂ ಹಾಗೇ ಇತ್ತು.

ಭಾನುವಾರ ಕೊಲ್ಲಂ ಮಾರ್ಗದ ರೈಲು ಹಿಡಿದು, ಐದು ಗಂಟೆಯ ಪ್ರಯಾಣ ಮುಗಿಸಿ ತಿರುವನಂತಪುರದಲ್ಲಿ ಇಳಿದೆ. ನಂದಿನಿ ಪ್ಲಾಟ್‌ಫಾರಂ ಮೇಲೆ ನಿಂತಿದ್ದಳು. ನನಗೆ ಮೊದಲು ಕಂಡದ್ದು ಅವಳ ಕೊರಳ ಮೂಳೆ. ಅವಳ ಬಾಡಿಗೆ ಮನೆ ಚಾಲೈ ಪೇಟೆಗೆ ನಡೆದು ಹೋಗುವಷ್ಟು ಹತ್ತಿರ. ಸೋಮವಾರ ಬೆಳಿಗ್ಗೆ ಆರಕ್ಕೆ ಅಲ್ಲಿಂದ ಸೊಪ್ಪು, ನೇಂದ್ರ ಬಾಳೆ ತಂದೆ. ಏಳೂವರೆಗೆ ತಿಂಡಿ, ಒಂದಕ್ಕೆ ಕ್ಯಾರಿಯರ್ ಊಟ, ಎಂಟಕ್ಕೆ ರಾತ್ರಿಯೂಟ ಎಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ.

"ವಾರ್ಡ್ ಡ್ಯೂಟಿ ಹಾಕಿಬಿಟ್ರಲ್ಲ ಅತ್ತೆ!" ಎಂದು ನಕ್ಕಳು.

ಅವಳಿಗಿದ್ದ ಆತಂಕ ಅಂದೇ ತಿಳಿಯಿತು. ಕೊನೆಯ ಅಧ್ಯಾಯಕ್ಕೆ ಇನ್ನು ನಾಲ್ಕು ಜೋಡಿ ಕೋಶಗಳ ದಾಖಲೆ ಬೇಕಿತ್ತು. ಅದನ್ನು ದಾಖಲಿಸುವ ಯಂತ್ರ ಅವಳ ಕೈಯಲ್ಲಿ ಇರುವುದು ಮುಂದಿನ ಭಾನುವಾರದವರೆಗೆ ಮಾತ್ರ. ಆಮೇಲೆ ಬೇರೆ ವಿದ್ಯಾರ್ಥಿಯ ಸರದಿ, ಆರು ತಿಂಗಳು. ಅಷ್ಟರೊಳಗೆ ಇವಳ ವಿದ್ಯಾರ್ಥಿವೇತನ ಮುಗಿಯುತ್ತಿತ್ತು.

ಮಂಗಳವಾರ ನನ್ನನ್ನೂ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಇಲಿಮರಿಯ ಮೆದುಳಿನ ತೆಳ್ಳನೆಯ ಚೂರು ಒಂದು ಬಗೆಯ ಉಪ್ಪುನೀರಿನಲ್ಲಿ ತೇಲುತ್ತಿತ್ತು. ಅದಕ್ಕೆ ಆಮ್ಲಜನಕದ ಗುಳ್ಳೆ ಬಿಡುತ್ತಿದ್ದರು. ಹಾಗೆ ನೋಡಿಕೊಂಡರೆ ಆ ಚೂರು ಕೆಲವು ಗಂಟೆ ಬದುಕಿರುತ್ತದೆಯಂತೆ.

"ಕೂದಲಿಗಿಂತ ಸಣ್ಣ ಮೂತಿಯ ಗಾಜಿನ ಕೊಳವೆಯಿಂದ ಒಂದು ಕೋಶ ಹಿಡೀತೀನಿ. ಪಕ್ಕದ್ದನ್ನ ಇನ್ನೊಂದರಿಂದ. ಮೊದಲನೇದನ್ನ ಚೂರು ಕರೆಂಟಿನಿಂದ ತಟ್ಟಿದರೆ ಎರಡನೇದು ಉತ್ತರ ಕೊಡುತ್ತಾ, ಎಷ್ಟು ಹೊತ್ತಿಗೆ ಕೊಡುತ್ತಾ, ಅದೇ ನನ್ನ ಪ್ರಶ್ನೆ" ಎಂದಳು ನಂದಿನಿ.

"ಕೊಡದಿದ್ದರೆ?"

"ಅವೆರಡಕ್ಕೂ ಸಂಬಂಧ ಇಲ್ಲ ಅಂತ. ಬೇರೆ ಜೋಡಿ ಹುಡುಕಬೇಕು. ಈಗ ಬಾಗಿಲು ಹಾಕ್ಕೋತೀನಿ ಅತ್ತೆ. ಯಾರಾದರೂ ಜೋರಾಗಿ ಕಾಲಿಟ್ಟರೂ ಮೂತಿ ಅಲುಗಿ ಕೋಶ ಹೋಗಿಬಿಡುತ್ತೆ."

ನಾನು ಹೊರಕೋಣೆಯಲ್ಲಿ ಕುಳಿತೆ. ಎದುರಿಗಿದ್ದ ಸಿಂಕಿನಲ್ಲಿ ಹತ್ತು ಹನ್ನೆರಡು ಬೀಕರು, ಅಂಚಿನಲ್ಲೆಲ್ಲ ಬಿಳಿ ಉಪ್ಪಿನ ಕರೆ. ಅಟೆಂಡರ್ ಸುಕುಮಾರನ್ ಊಟಕ್ಕೆ ಹೋಗಿದ್ದರು. ಸಿಂಕಿನ ಮೇಲೆ ಮಲಯಾಳದಲ್ಲಿ ಏನೋ ಬರೆದ ಚೀಟಿ ಇತ್ತು. ಕೇರಳದ ನರ್ಸುಗಳ ಜೊತೆ ದುಡಿದು ಆ ಭಾಷೆ ಆಡಬಲ್ಲೆ, ಓದಲಾರೆ. ನೀರು ಮಿತವಾಗಿ ಬಳಸಿ ಎಂದಿರಬೇಕು ಎಂದುಕೊಂಡೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಬಾರ್ ಸೋಪು ಇರುತ್ತದೆ. ಅದನ್ನು ತೆಗೆದು ಒಂದೊಂದನ್ನೂ ಒಳಗೆ, ಹೊರಗೆ, ಮೂತಿಯ ಹತ್ತಿರ ತಿಕ್ಕಿ ತೊಳೆದು ಸಾಲಾಗಿ ಇಟ್ಟೆ. ಗಾಜು ಫಳಫಳ ಹೊಳೆಯಿತು. ಹೇಳಿಕೊಳ್ಳುವಂಥ ಕೆಲಸ ಎಂದು ಅನ್ನಿಸದ್ದರಿಂದ ಯಾರಿಗೂ ಹೇಳಲಿಲ್ಲ.

ಬುಧವಾರ ನಂದಿನಿಯ ಕೋಶಗಳು ಸತ್ತವು. ಹಿಡಿಯುವ ಮೊದಲೇ ಊದಿಕೊಂಡು ಒಡೆದು ಹೋಗುತ್ತಿದ್ದವಂತೆ. ಗುರುವಾರ ಉಪ್ಪುಗಳನ್ನೆಲ್ಲ ಮತ್ತೆ ತೂಗಿದಳು, ಆಮ್ಲಜನಕದ ಸಿಲಿಂಡರು ಬದಲಿಸಿದಳು. ಅಂದೂ ಹಾಗೇ. ಸಂಜೆ ಮಳೆಯಲ್ಲಿ ನೆನೆದು ಬಂದವಳು ತಟ್ಟೆಯ ಮುಂದೆ ಕುಳಿತು ಅನ್ನ ಕಲಸುತ್ತಲೇ ಇದ್ದಳು. "ನನ್ನ ಕೈಯೇ ಕೆಟ್ಟಿದೆ ಅತ್ತೆ" ಎಂದಳು. ನಾನು ಅವಳ ತಲೆ ಒರೆಸಿದೆ.

ಶುಕ್ರವಾರ ಒಂದು ಗಂಟೆಗೆ ಕ್ಯಾರಿಯರ್ ಹಿಡಿದು ಹೋದಾಗ ಹೊರಕೋಣೆಯಲ್ಲಿ ಅವಳ ಗೈಡ್ ಮೇಡಂ ನಿಂತಿದ್ದರು. ಒಂದು ಬೀಕರನ್ನು ಬೆಳಕಿಗೆ ಹಿಡಿದು ಕೇಳುತ್ತಿದ್ದರು, "ಸುಕುಮಾರನ್, ನಿಜ ಹೇಳಿ. ಇದಕ್ಕೆ ಸೋಪು ಹಾಕಿದಿರಾ?"

"ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ ಮೇಡಂ. ಆ ಚೀಟಿ ಬರೆದವನೇ ನಾನು."

"ಹಾಗಾದರೆ ಇದು ಇಷ್ಟು ಹೊಳೆಯೋದು ಹೇಗೆ?"

ಸುಕುಮಾರನ್ ತಲೆ ತಗ್ಗಿಸಿದರು. ಆ ವಯಸ್ಸಾದ ಮನುಷ್ಯನ ಕಿವಿ ಕೆಂಪಾಗಿತ್ತು. ತಪ್ಪು ಮುಚ್ಚಿಟ್ಟಿದ್ದಾರೆಂದು ಎಷ್ಟು ನರ್ಸುಗಳನ್ನು ನಾನು ಹೀಗೇ ನಿಲ್ಲಿಸಿ ಕೇಳಿದ್ದೆ! ಅವರಲ್ಲಿ ತಪ್ಪೇ ಮಾಡದವರೂ ಇದ್ದಿರಬಹುದು ಎಂದು ಆಗ ಹೊಳೆದಿರಲಿಲ್ಲ. ಕ್ಯಾರಿಯರ್ ಕೆಳಗಿಟ್ಟೆ.

"ಮೇಡಂ, ತೊಳೆದವಳು ನಾನು. ಮಂಗಳವಾರ. ಸೋಪು ಹಾಕಿ, ಎಲ್ಲವನ್ನೂ."

ನಂದಿನಿ ನನ್ನನ್ನು ನೋಡಿದಳು. ಆಮೇಲೆ ಅತ್ತ ತಿರುಗಿ ಕಣ್ಣು ಒರೆಸಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಸೋಪಿನ ಒಂದು ಕಣ ಉಳಿದರೂ ಕೋಶದ ಪೊರೆ ಕರಗುತ್ತದೆ ಎಂದು ಮೇಡಂ ಮೆಲ್ಲಗೆ ವಿವರಿಸಿದರು. ನಾನು ಸುಕುಮಾರನ್ ಕಡೆ ತಿರುಗಿ ಕೈಮುಗಿದೆ.

"ಸಾರಮಿಲ್ಲ, ಪರವಾಗಿಲ್ಲ ಅಮ್ಮ" ಎಂದರು ಅವರು. ಆಮೇಲೆ ನಂದಿನಿಗೆ ಹೇಳಿದರು, "ಇಷ್ಟು ಚೊಕ್ಕವಾಗಿ ತೊಳೆಯೋರು ನಮ್ಮ ಮನೆಗೆ ಬಂದಿದ್ದರೆ ನನ್ನ ಹೆಂಡತಿ ಹಾರ ಹಾಕ್ತಿದ್ದಳು."

ನಂದಿನಿಗೆ ಅಳುವಿನ ನಡುವೆ ನಗು ಬಂತು. "ಅತ್ತೆ, ನನಗೆ ಜ್ವರ ಬಂದಾಗಲೂ ನೀವು ಮೊದಲು ಥರ್ಮಾಮೀಟರ್ ತೊಳೀತಿದ್ರಿ" ಎಂದು ನನ್ನ ಕೈ ಹಿಡಿದಳು.

ಆ ಮಧ್ಯಾಹ್ನ ಸುಕುಮಾರನ್ ಉಪ್ಪುನೀರು ಹರಿಯುವ ಹಳೆಯ ಕೊಳವೆಗಳನ್ನೆಲ್ಲ ಬಿಸಾಡಿ ಹೊಸದು ಹಾಕಿದರು. ಬೀರುವಿನಿಂದ ಮುಟ್ಟದ ಬೀಕರುಗಳನ್ನು ತೆಗೆದರು. ಅವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಾಡುವ ಕೆಲಸ ನಾನು ಕೇಳಿ ಪಡೆದುಕೊಂಡೆ. ಬರೀ ನೀರು. ಕೈ ಸೋಪಿಗಾಗಿ ಹುಡುಕುತ್ತಿತ್ತು.

ಶನಿವಾರ ಎರಡು ಜೋಡಿ ಸಿಕ್ಕವು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೂರನೆಯದು. ರಜಾದಿನವಾದರೂ ಸುಕುಮಾರನ್ ಬಂದಿದ್ದರು. ನನ್ನ ರೈಲು ಮಧ್ಯಾಹ್ನ ಒಂದು ಗಂಟೆಗೆ. ಸೂಟ್‌ಕೇಸು ತಂದು ಹೊರಕೋಣೆಯಲ್ಲಿಟ್ಟಿದ್ದೆ. "ಹೋಗೋ ಮುಂಚೆ ಒಂದು ಸಲ ಒಳಗೆ ಬಂದು ನೋಡಿ ಅತ್ತೆ" ಎಂದಳು ನಂದಿನಿ. ಹನ್ನೊಂದೂವರೆಗೆ ಒಳಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕುಳಿತೆ.

ಕತ್ತಲೆ ಕೋಣೆ, ಹಸಿರು ಗೆರೆ ಓಡುವ ಒಂದು ಪರದೆ. ನಂದಿನಿ ಉಸಿರು ಬಿಗಿಹಿಡಿದು ಗುಂಡಿ ತಿರುಗಿಸುತ್ತಿದ್ದಳು. ಮೊದಲ ಕೋಶ ಸಿಕ್ಕಾಗ ಸ್ಪೀಕರಿನಲ್ಲಿ ಟಪ್, ಟಪ್ ಎಂದು ಸದ್ದು ಬಂತು. ಬಸುರಿಯ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದ ದಿನಗಳು ನೆನಪಾದವು. ಎರಡನೆಯದು ಕೈಗೆ ಸಿಗಲಿಲ್ಲ. ಪಕ್ಕದ್ದೊಂದನ್ನು ಹಿಡಿದಳು, ಉತ್ತರವಿಲ್ಲ. ಮತ್ತೊಂದು, ಅದೂ ಇಲ್ಲ. ನನ್ನ ಕೈಗಡಿಯಾರದಲ್ಲಿ ಹನ್ನೆರಡೂಕಾಲು. ಆಟೋದವನಿಗೆ ಹನ್ನೆರಡೂವರೆಗೆ ಬರಲು ಹೇಳಿದ್ದೆ. ಬಾಗಿಲಿನ ಚಿಲಕ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ತೆಗೆದರೆ ಕಟಕ್ ಎನ್ನುತ್ತದೆ, ಗೊತ್ತಿತ್ತು.

ಹನ್ನೆರಡೂಮುಕ್ಕಾಲಿಗೆ ಅವಳು ಮತ್ತೊಂದು ಕೋಶದ ಹತ್ತಿರ ಮೂತಿ ಇಳಿಸುತ್ತಿದ್ದಳು. ನಾನು ಗಡಿಯಾರ ಬಿಚ್ಚಿ ಸೆರಗಿನಲ್ಲಿ ಸುತ್ತಿಟ್ಟೆ.

ಎಷ್ಟೋ ಹೊತ್ತಾದ ಮೇಲೆ ಪರದೆಯ ಮೇಲಿನ ಗೆರೆ ಒಮ್ಮೆ ಎತ್ತರಕ್ಕೆ ನೆಗೆಯಿತು. ಅದರ ಕೆಳಗಿನ ಇನ್ನೊಂದು ಗೆರೆಯಲ್ಲಿ, ಒಂದು ಚೂರು ತಡವಾಗಿ, ಒಂದು ಸಣ್ಣ ಉಬ್ಬು ಎದ್ದಿತು. ನಂದಿನಿ ಮತ್ತೆ ತಟ್ಟಿದಳು. ಮತ್ತೆ ಉಬ್ಬು.

"ನೋಡಿ ಅತ್ತೆ, ಮಾತಾಡ್ತಿದೆ" ಎಂದು ಪಿಸುಗುಟ್ಟಿ ಹಿಂತಿರುಗಿದವಳು ಗಾಬರಿಯಾದಳು. "ಅಯ್ಯೋ, ನಿಮ್ಮ ರೈಲು!"

"ಶ್! ಕೈ ಅಲುಗಿಸಬೇಡ. ಅದು ಹೋಗಿ ಆಯಿತು" ಎಂದೆ. "ನೀನು ಬರೆದುಕೋ."